ಕುಲಾಂತರಿ ಆಹಾರ ಪತ್ತೆ: ಮುಂಬಯಿ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ನವಿ ಮುಂಬಯಿಯ ಆಹಾರ ಪರೀಕ್ಷಾ ಲ್ಯಾಬ್ ಒಂದರಲ್ಲಿ ನನ್ನ ಕೆಲಸ. ಇದು ಗೊತ್ತಾದರೆ ಸಾಕು, ಸಂಘದ ಕಾರ್ಯಕ್ರಮದಲ್ಲೋ ಮದುವೆಯ ಪಂಕ್ತಿಯಲ್ಲೋ ಪಕ್ಕದಲ್ಲಿ ಕೂತವರು "ಈ ಬದನೆ ಬಿಟಿಯಾ?" ಎಂದು ಶುರು ಮಾಡುತ್ತಾರೆ. ಹೋಟೆಲ್ ನಡೆಸುವವರು, ಮಾಟುಂಗಾದಲ್ಲಿ ತರಕಾರಿ ಕೊಳ್ಳುವವರು, ವಾಶಿ ಎಪಿಎಂಸಿಯ ವ್ಯಾಪಾರಿಗಳು, ಕಾಲೇಜು ಮಕ್ಕಳು ಕೇಳಿದ್ದನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ಕುಲಾಂತರಿ ಬೇಕೋ ಬೇಡವೋ ಎಂಬ ಜಗಳಕ್ಕೆ ನಾನು ಇಳಿಯುವುದಿಲ್ಲ. ಇದೆಯೋ ಇಲ್ಲವೋ ಎಂದು ಹೇಗೆ ತಿಳಿಯುತ್ತದೆ, ಎಲ್ಲಿ ತಿಳಿಯುವುದೇ ಇಲ್ಲ, ಇಷ್ಟೇ ನನ್ನ ವಿಷಯ.

ಕುಲಾಂತರಿ, ಹೈಬ್ರಿಡ್ ಎರಡೂ ಒಂದೇ ಅಲ್ಲವೇ?

ಅಲ್ಲ. ಒಂದೇ ಜಾತಿಯ ಎರಡು ತಳಿಗಳ ಪರಾಗ ಕೂಡಿಸಿ ಪಡೆದದ್ದು ಹೈಬ್ರಿಡ್. ರೈತರೂ ತಳಿವಿಜ್ಞಾನಿಗಳೂ ಮೊದಲಿನಿಂದ ಮಾಡುತ್ತಾ ಬಂದ ಕೆಲಸ ಅದು. ಕುಲಾಂತರಿಯಲ್ಲಿ, ಅಂದರೆ ಜಿಎಂನಲ್ಲಿ, ಬೇರೊಂದು ಜೀವಿಯ ವಂಶವಾಹಿಯನ್ನು ಲ್ಯಾಬಿನಲ್ಲಿ ಗಿಡದ ಡಿಎನ್‌ಎಯೊಳಗೆ ಕೂಡಿಸಿರುತ್ತಾರೆ. ಬಿಟಿ ಹತ್ತಿಯಲ್ಲಿರುವುದು ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ವಂಶವಾಹಿ. ಅದರಿಂದ ಗಿಡದಲ್ಲಿ ತಯಾರಾಗುವ ಪ್ರೋಟೀನನ್ನು ತಿಂದರೆ ಕಾಯಿಕೊರಕ ಹುಳು ಸಾಯುತ್ತದೆ. ಪತ್ತೆಯ ಕೆಲಸವೆಲ್ಲ ನಿಂತಿರುವುದು ಹೀಗೆ ಹೊರಗಿನಿಂದ ಬಂದ ತುಣುಕಿನ ಮೇಲೆ. ಅದು ಕೈಗೆ ಸಿಕ್ಕಿದರೆ ಉತ್ತರ ಇದೆ. ಸಿಗದಿದ್ದರೆ ಏನಾಗುತ್ತದೆ ಎಂಬುದನ್ನು ಮುಂದೆ ಹೇಳುತ್ತೇನೆ. ಜನ ತಪ್ಪು ತಿಳಿಯುವುದು ಅಲ್ಲಿಯೇ.

ಪಪ್ಪಾಯ, ಬೀಜವಿಲ್ಲದ ದ್ರಾಕ್ಷಿ, ಸ್ವೀಟ್ ಕಾರ್ನ್, ಇವೆಲ್ಲ ಕುಲಾಂತರಿಯೇ?

ನಾಸಿಕ, ಸಾಂಗಲಿ ಕಡೆಯಿಂದ ಬರುವ ಬೀಜರಹಿತ ದ್ರಾಕ್ಷಿ ಕುಲಾಂತರಿಯಲ್ಲ, ಬೀಜ ಬೆಳೆಯದ ಸಹಜ ಗುಣವಿರುವ ತಳಿ ಅದು. ಬೀಜವಿಲ್ಲದ ಕಲ್ಲಂಗಡಿಯೂ ಅಲ್ಲ. ಜುಹು ಚೌಪಾಟಿಯಲ್ಲಿ ಬೆಣ್ಣೆ ಹಚ್ಚಿ ಕೊಡುವ ಸ್ವೀಟ್ ಕಾರ್ನ್ ಬರೀ ಹೈಬ್ರಿಡ್. ಕುಲಾಂತರಿ ಮೆಕ್ಕೆಜೋಳ ಬೆಳೆಯಲು ನಮ್ಮಲ್ಲಿ ಅನುಮತಿಯೇ ಇಲ್ಲ. ಪಪ್ಪಾಯದ ವಿಷಯದಲ್ಲಿ ಗೊಂದಲಕ್ಕೆ ಕಾರಣವಿದೆ. ಹವಾಯಿಯಲ್ಲಿ ರಿಂಗ್‌ಸ್ಪಾಟ್ ವೈರಸ್ ತೋಟಗಳನ್ನೇ ನುಂಗುತ್ತಿದ್ದಾಗ 1998ರಲ್ಲಿ ಕುಲಾಂತರಿ ಪಪ್ಪಾಯ ಬಂತು, ಈಗಲೂ ಅಲ್ಲಿ ಬೆಳೆಯುತ್ತಾರೆ. ನಮ್ಮ ಮಾರುಕಟ್ಟೆಯ 'ತೈವಾನ್' ಪಪ್ಪಾಯಿ ಅದಲ್ಲ, ಅದು ರೆಡ್ ಲೇಡಿ ಎಂಬ ಹೈಬ್ರಿಡ್.

ಹಣ್ಣಿನ ಸ್ಟಿಕ್ಕರಿನಲ್ಲಿ 8ರಿಂದ ಶುರುವಾಗುವ ಐದಂಕಿಯ ಸಂಖ್ಯೆ ಇದ್ದರೆ ಕುಲಾಂತರಿ ಎಂದು ವಾಟ್ಸಾಪಿನಲ್ಲಿ ಬರುವ ಸಂದೇಶವನ್ನು ಅಲ್ಲೇ ಅಳಿಸಿಬಿಡಿ. ಆ ಸಂಖ್ಯೆಯನ್ನು ಹಾಗೆ ಬಳಸಬಹುದೆಂದು ಒಂದು ಕಾಲದಲ್ಲಿ ಯೋಚನೆ ಇತ್ತು. ಅಂಗಡಿಯ ಹಣ್ಣಿನ ಮೇಲೆ ಅದು ಬರಲೇ ಇಲ್ಲ.

ಹಾಗಾದರೆ ಭಾರತದಲ್ಲಿ ಯಾವ ಕುಲಾಂತರಿ ಬೆಳೆಗೆ ಅನುಮತಿ ಇದೆ?

ಹೊಲದಲ್ಲಿ ವ್ಯಾಪಾರಕ್ಕಾಗಿ ಬೆಳೆಯುತ್ತಿರುವುದು ಹತ್ತಿ ಒಂದೇ. 2002ರಲ್ಲಿ ಒಪ್ಪಿಗೆ ಸಿಕ್ಕಿತು. ತಂದದ್ದು ನಮ್ಮ ಮಹಾರಾಷ್ಟ್ರದ ಜಾಲನಾದ ಮಹಿಕೋ ಕಂಪನಿ, ಅಮೆರಿಕದ ಮಾನ್ಸಾಂಟೊ ಜೊತೆಗೂಡಿ. 2006ರಲ್ಲಿ ಎರಡು ಬಿಟಿ ವಂಶವಾಹಿಗಳಿರುವ ಬೋಲ್‌ಗಾರ್ಡ್ 2 ಬಂತು. ಈಗ ದೇಶದ ಹತ್ತಿಯಲ್ಲಿ ಶೇ 90ಕ್ಕಿಂತ ಹೆಚ್ಚು ಬಿಟಿಯೇ.

ಬಿಟಿ ಬದನೆಗೆ 2009ರ ಅಕ್ಟೋಬರಿನಲ್ಲಿ, ಕುಲಾಂತರಿಗಳನ್ನು ಪರಿಶೀಲಿಸುವ ಕೇಂದ್ರ ಸರ್ಕಾರದ ಜಿಇಎಸಿ ಸಮಿತಿ ಹೂಂ ಎಂದಿತ್ತು. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಊರೂರಿಗೆ ಹೋಗಿ ಜನರ ಮಾತು ಕೇಳಿ, 2010ರ ಫೆಬ್ರವರಿ 9ರಂದು ತಡೆ ಹಾಕಿದರು. ಆ ತಡೆ ಇನ್ನೂ ತೆಗೆದಿಲ್ಲ. ಪಕ್ಕದ ಬಾಂಗ್ಲಾದೇಶ ಮಾತ್ರ 2013ರಲ್ಲಿ ಅದೇ ಬದನೆಗೆ ಒಪ್ಪಿಗೆ ಕೊಟ್ಟಿತು.

ಕುಲಾಂತರಿ ಸಾಸಿವೆಯ ಡಿಎಂಎಚ್-11 ತಳಿಯನ್ನು ಹೊಲಕ್ಕೆ ಬಿಡಬಹುದೆಂದು 2022ರ ಅಕ್ಟೋಬರಿನಲ್ಲಿ ಶಿಫಾರಸಾಯಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ 2024ರ ಜುಲೈ 23ರಂದು ಇಬ್ಬರು ನ್ಯಾಯಮೂರ್ತಿಗಳಿಂದ ಎರಡು ತೀರ್ಪು ಬಂತು. ಕರ್ನಾಟಕದವರೇ ಆದ ಬಿ.ವಿ. ನಾಗರತ್ನ ಆ ಅನುಮತಿ ನಿಲ್ಲುವುದಿಲ್ಲ ಎಂದರು, ಸಂಜಯ್ ಕರೋಲ್ ಅದನ್ನು ಎತ್ತಿಹಿಡಿದರು. ತೀರ್ಪು ಹೀಗೆ ಒಡೆದದ್ದರಿಂದ ಆ ಸಾಸಿವೆ ಮಾರುಕಟ್ಟೆಗೆ ಬಂದಿಲ್ಲ, ಹಾಗಾಗಿ ಒಗ್ಗರಣೆಯ ಸಾಸಿವೆಯ ಬಗ್ಗೆ ಸದ್ಯ ಚಿಂತೆ ಬೇಡ.

ಇಷ್ಟೇ ಆದರೆ ನಮ್ಮ ತಟ್ಟೆಗೆ ಕುಲಾಂತರಿ ಬರುವುದು ಎಲ್ಲಿಂದ?

ಹತ್ತಿ ಬರೀ ನೂಲಲ್ಲ, ಎಣ್ಣೆಕಾಳೂ ಹೌದು. ಜಿನ್ನಿಂಗ್ ಆದ ಮೇಲೆ, ಅಂದರೆ ಅರಳೆ ಬಿಡಿಸಿದ ಮೇಲೆ, ಉಳಿಯುವ ಹತ್ತಿಕಾಳಿನಿಂದ ಎಣ್ಣೆ ತೆಗೆಯುತ್ತಾರೆ. ಗುಜರಾತು, ಮಹಾರಾಷ್ಟ್ರದಲ್ಲಿ ಇದಕ್ಕೆ ಬಹಳ ಬೇಡಿಕೆ. ಫರಸಾಣ್ ಎಂಬ ಖಾರದ ತಿಂಡಿ ಕರಿಯುವವರಿಗೆ ಇದರ ಬಣ್ಣ, ರುಚಿ ಎರಡೂ ಇಷ್ಟ. ನೀವು ಘಾಟ್‌ಕೋಪರಿನಲ್ಲಿ ಗಾಠಿಯಾ ತಿಂದಿದ್ದರೆ ಬಿಟಿ ಹತ್ತಿಯಿಂದ ಬಂದ ಎಣ್ಣೆ ತಿಂದಿರುವ ಸಾಧ್ಯತೆ ಇದ್ದೇ ಇದೆ. 'ಭಾರತದಲ್ಲಿ ಕುಲಾಂತರಿ ಆಹಾರ ಇಲ್ಲ' ಎನ್ನುವವರು ಈ ಡಬ್ಬವನ್ನು ಮರೆತುಬಿಡುತ್ತಾರೆ.

ಎರಡನೆಯದು ಸೋಯಾ ಎಣ್ಣೆ. ಮಧ್ಯಪ್ರದೇಶ, ಮಹಾರಾಷ್ಟ್ರದಲ್ಲಿ ಬೆಳೆಯುವ ಸೋಯಾ ಕುಲಾಂತರಿಯಲ್ಲ. ಆದರೆ ನಮಗೆ ಬೇಕಾದಷ್ಟು ಎಣ್ಣೆ ಇಲ್ಲಿ ಆಗದೆ ಅರ್ಜೆಂಟೀನಾ, ಬ್ರೆಜಿಲ್‌ನಿಂದ ಹಡಗಿನಲ್ಲಿ ಬರುತ್ತದೆ, ಅಲ್ಲಿನ ಸೋಯಾ ಬಹುಪಾಲು ಕುಲಾಂತರಿ. ಕಳೆನಾಶಕ ತಡೆದುಕೊಳ್ಳುವ ರೌಂಡಪ್ ರೆಡಿ ಸೋಯಾದ ಎಣ್ಣೆಯನ್ನು ತರಲು ಜಿಇಎಸಿ 2007ರಲ್ಲೇ ಅನುಮತಿ ಕೊಟ್ಟಿದೆ. 'ಹೃದಯಕ್ಕೆ ಒಳ್ಳೆಯದು' ಎಂದು ದುಬಾರಿ ಬೆಲೆಗೆ ಮಾರುವ ಕೆನಡಾದ ಕನೋಲಾ ಎಣ್ಣೆಯ ಕತೆಯೂ ಹೆಚ್ಚುಕಡಿಮೆ ಇದೇ.

ಮೂರನೆಯದು ಕ್ರಾಫರ್ಡ್ ಮಾರ್ಕೆಟ್ಟಿನಲ್ಲೂ ಮಾಲ್‌ಗಳಲ್ಲೂ ಸಿಗುವ ವಿದೇಶಿ ಪೊಟ್ಟಣಗಳು: ಕಾರ್ನ್ ಚಿಪ್ಸ್, ಪಾಪ್‌ಕಾರ್ನ್, ಸಿರಪ್, ಶಿಶು ಆಹಾರ. ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಸಂಸ್ಥೆ 2018ರಲ್ಲಿ 65 ಆಹಾರ ಪದಾರ್ಥಗಳನ್ನು ಪರೀಕ್ಷಿಸಿದಾಗ ಶೇ 32ರಲ್ಲಿ ಕುಲಾಂತರಿ ಅಂಶ ಸಿಕ್ಕಿತು. ಸಿಕ್ಕಿದವುಗಳಲ್ಲಿ ಹೆಚ್ಚಿನವು ಹೊರದೇಶದಿಂದ ಬಂದವು.

ಎಣ್ಣೆಯನ್ನೇ ಪರೀಕ್ಷೆಗೆ ಕೊಟ್ಟರೆ ಗೊತ್ತಾಗುವುದಿಲ್ಲವೇ?

ಜನ ಲ್ಯಾಬಿಗೆ ಹೊತ್ತು ತರುವುದು ಎಣ್ಣೆಯನ್ನೇ, ನಾವು ಹೆಚ್ಚಾಗಿ ಕೈಚೆಲ್ಲುವುದೂ ಎಣ್ಣೆಯ ಮುಂದೆಯೇ.

ನಾವು ಹುಡುಕುವುದು ಡಿಎನ್‌ಎ. ಎಣ್ಣೆ ಬರೀ ಕೊಬ್ಬು, ಅದರಲ್ಲಿ ಡಿಎನ್‌ಎ ಕರಗುವುದಿಲ್ಲ. ಗಾಣದಿಂದ ಹೊಸದಾಗಿ ಬಂದ ಕಚ್ಚಾ ಎಣ್ಣೆಯಲ್ಲಿ ಕಾಳಿನ ಪುಡಿ, ಅಂಟು ಒಂದಿಷ್ಟು ತೇಲುತ್ತಿರುತ್ತವೆ, ಡಿಎನ್‌ಎಯ ಚೂರುಗಳು ಅವುಗಳ ಜೊತೆಗಿರುತ್ತವೆ. ರಿಫೈನರಿಯಲ್ಲಿ ಮೊದಲು ಅಂಟು ತೆಗೆಯುತ್ತಾರೆ, ಆಮೇಲೆ ಕ್ಷಾರ ಹಾಕಿ ಹುಳಿ ಕಳೆಯುತ್ತಾರೆ, ಜೇಡಿಯಿಂದ ಬಣ್ಣ ಹೀರಿಸುತ್ತಾರೆ, ಕೊನೆಗೆ 200 ಡಿಗ್ರಿ ದಾಟಿದ ಉಷ್ಣತೆಯಲ್ಲಿ ಹಬೆ ಹಾಯಿಸಿ ವಾಸನೆ ತೆಗೆಯುತ್ತಾರೆ. ಇಷ್ಟೆಲ್ಲ ಆದ ಮೇಲೆ ಡಿಎನ್‌ಎ ಉಳಿದರೆ ಅದೇ ಆಶ್ಚರ್ಯ. ದೊಡ್ಡ ಪ್ರಮಾಣದ ಎಣ್ಣೆಯಿಂದ ಹಿಂಡಿ ತೆಗೆದರೆ ಕೆಲವೊಮ್ಮೆ ಚೂರುಪಾರು ಸಿಗುತ್ತದೆ. 2018ರ ಆ ಪರೀಕ್ಷೆಯಲ್ಲೂ ಪಾಸಿಟಿವ್ ಬಂದವುಗಳಲ್ಲಿ ಖಾದ್ಯ ತೈಲಗಳಿದ್ದವು. ಹಾಗಾಗಿ ಎಣ್ಣೆಯಲ್ಲಿ 'ಇದೆ' ಎಂದು ಬಂದರೆ ನಂಬಬಹುದು. 'ಇಲ್ಲ' ಎಂದು ಬಂದರೆ ಆ ಕಾಗದಕ್ಕೆ ಬೆಲೆ ಇಲ್ಲ.

ಇದಕ್ಕೇ ಯೂರೋಪಿನವರು ದಾಖಲೆಗೆ ಜೋತುಬಿದ್ದರು. ಕುಲಾಂತರಿ ಸೋಯಾದಿಂದ ಬಂದ ಎಣ್ಣೆಯಾದರೆ ಡಿಎನ್‌ಎ ಸಿಗಲಿ ಬಿಡಲಿ, ಲೇಬಲ್ ಮೇಲೆ ಹೇಳಲೇಬೇಕು. ಬೀಜದಿಂದ ಬಾಟಲಿಯವರೆಗೆ ಯಾರು ಯಾರಿಗೆ ಮಾರಿದರು ಎಂಬ ಕಾಗದ ಇಡಬೇಕು. ಅಮೆರಿಕದವರು ಉಲ್ಟಾ: ಪತ್ತೆಯಾಗುವಂಥದ್ದು ಇಲ್ಲದಿದ್ದರೆ ಹೇಳಬೇಕಾಗಿಲ್ಲ. ನನ್ನ ಮಟ್ಟಿಗೆ ಯೂರೋಪಿನ ದಾರಿಯೇ ಸರಿ. ಅಡುಗೆಮನೆಗೆ ಕುಲಾಂತರಿ ಬರುವ ಮುಖ್ಯ ಬಾಗಿಲು ಎಣ್ಣೆಯಾಗಿರುವಾಗ, ಲ್ಯಾಬನ್ನು ಮಾತ್ರ ನಂಬುವ ಕಾನೂನು ಆ ಬಾಗಿಲಿಗೆ ಬೀಗವನ್ನೇ ಹಾಕಿದಂತಾಗಲಿಲ್ಲ. ಲ್ಯಾಬಿನಲ್ಲಿ ಸಂಬಳ ತೆಗೆದುಕೊಳ್ಳುವವಳೇ ಹೀಗೆ ಹೇಳುತ್ತಿದ್ದೇನೆ.

ಮತ್ತೆ ಲ್ಯಾಬಿನಲ್ಲಿ ನೀವು ಮಾಡುವುದಾದರೂ ಏನು?

ಒಂದು ಕಾರ್ನ್ ಫ್ಲೋರ್ ಪ್ಯಾಕೆಟ್ ಬಂತು ಎಂದುಕೊಳ್ಳಿ. ಮೊದಲು ಚೆನ್ನಾಗಿ ಕಲಸಿ, ಅದರಲ್ಲಿ ಒಂದೆರಡು ಚಿಟಿಕೆಯಷ್ಟು ತೂಗಿ, ಸಿಟ್ಯಾಬ್ ಎಂಬ ಸಾಬೂನಿನಂಥ ದ್ರಾವಣದಲ್ಲಿ 65 ಡಿಗ್ರಿಯ ಆಸುಪಾಸಿನಲ್ಲಿ ಬಿಸಿಗಿಡುತ್ತೇವೆ. ಜೀವಕೋಶ ಒಡೆದು ಡಿಎನ್‌ಎ ಹೊರಬರುತ್ತದೆ. ಕ್ಲೋರೋಫಾರ್ಮ್ ಹಾಕಿ ಪ್ರೋಟೀನು, ಜಿಡ್ಡು ಬೇರೆ ಮಾಡಿ, ಆಲ್ಕೋಹಾಲಿನಿಂದ ಡಿಎನ್‌ಎಯನ್ನು ತಳಕ್ಕಿಳಿಸಿ ತೊಳೆಯುತ್ತೇವೆ. ಹೇಳುವುದಕ್ಕೆ ಇಷ್ಟೇ. ಚಾಕೊಲೇಟ್ ಬಂದರೆ ಅದರ ಪಾಲಿಫಿನಾಲ್‌ಗಳು, ಮಸಾಲೆ ಬಂದರೆ ಅದರ ಬಣ್ಣ, ಕೆಚಪ್ ಬಂದರೆ ಅದರ ಹುಳಿ ನಮ್ಮ ಬೆವರಿಳಿಸುತ್ತವೆ. ದಿನದ ಅರ್ಧ ಕೆಲಸ ಈ ತೊಳೆಯುವುದರಲ್ಲೇ ಮುಗಿಯುತ್ತದೆ.

ಮುಂದಿನದು ಪಿಸಿಆರ್. ಕೋವಿಡ್ ಕಾಲದಲ್ಲಿ ಎಲ್ಲರಿಗೂ ಪರಿಚಯವಾದ ಯಂತ್ರವೇ, ಆಗ ಮೂಗಿನ ಕಡ್ಡಿ, ಈಗ ಮೆಕ್ಕೆಜೋಳದ ಹಿಟ್ಟು. ನಾವು ಬಯಸಿದ ಒಂದು ಪುಟ್ಟ ತುಣುಕನ್ನು ಮಾತ್ರ ಅದು ಸುತ್ತು ಸುತ್ತಿಗೂ ಇಮ್ಮಡಿ ಮಾಡುತ್ತದೆ. ನಲವತ್ತು ಸುತ್ತು ತಿರುಗಿದರೆ ಬೆರಳೆಣಿಕೆಯ ಪ್ರತಿಗಳೂ ಕಣ್ಣಿಗೆ ಬೀಳುವಷ್ಟಾಗುತ್ತವೆ. ಬೇಯಿಸಿದ ಆಹಾರದಲ್ಲಿ ಡಿಎನ್‌ಎ ಚೂರುಚೂರಾಗಿರುವುದರಿಂದ ನಾವು ಹುಡುಕುವ ತುಣುಕು 100 ಬೇಸ್ ಜೋಡಿಗಳ (ಡಿಎನ್‌ಎಯ ಅಕ್ಷರಗಳ) ಆಸುಪಾಸಿನಷ್ಟು ಚಿಕ್ಕದಿರಬೇಕು. ಉದ್ದನೆಯದನ್ನು ಹುಡುಕಿದರೆ ಬಿಸ್ಕತ್ತಿನಲ್ಲಿ ಸಿಗುವುದಿಲ್ಲ.

ಯಾವ ತುಣುಕು ಹುಡುಕಬೇಕು? ಪರೀಕ್ಷೆಯ ಮೊದಲ ಸುತ್ತಿನಲ್ಲಿ ಅನೇಕ ಕುಲಾಂತರಿಗಳಲ್ಲಿ ಸಾಮಾನ್ಯವಾಗಿರುವುದನ್ನು. ಹೂಕೋಸಿನ ಮೊಸಾಯಿಕ್ ವೈರಸ್ಸಿನಿಂದ ತೆಗೆದ 35ಎಸ್ ಪ್ರೊಮೋಟರ್, ಅಗ್ರೋಬ್ಯಾಕ್ಟೀರಿಯಂ ಎಂಬ ಮಣ್ಣಿನ ಬ್ಯಾಕ್ಟೀರಿಯಾದಿಂದ ತೆಗೆದ ನಾಸ್ ಟರ್ಮಿನೇಟರ್, ಇವೆರಡು ಹಳೆಯ ಹುಲಿಗಳು. ವಂಶವಾಹಿಯನ್ನು ಚಾಲೂ ಮಾಡುವುದು ಪ್ರೊಮೋಟರ್, ಎಲ್ಲಿ ನಿಲ್ಲಬೇಕು ಎನ್ನುವುದು ಟರ್ಮಿನೇಟರ್. ಆದರೆ ಇವೆರಡನ್ನೇ ನಂಬಿ ಕೂತರೆ ಕೆಟ್ಟೆವು. ಮಾನ್ 810 ಎಂಬ ಕುಲಾಂತರಿ ಮೆಕ್ಕೆಜೋಳದಲ್ಲಿ 35ಎಸ್ ಇದೆ, ನಾಸ್ ಇಲ್ಲ. ಮಾನ್ 89788 ಸೋಯಾದಲ್ಲಿ ಎರಡೂ ಇಲ್ಲ. ಹಾಗಾಗಿ ಇನ್ನೂ ಕೆಲವು ತುಣುಕುಗಳನ್ನು ಸೇರಿಸಿ ಜಾಲ ಬೀಸುತ್ತೇವೆ. ಅಗ್ಗದ ದರದಲ್ಲಿ 'ಜಿಎಂ ಫ್ರೀ' ಸರ್ಟಿಫಿಕೇಟು ಕೊಡುವ ಲ್ಯಾಬು ಎಷ್ಟು ತುಣುಕು ನೋಡಿದೆ ಎಂದು ಕೇಳಿ ನೋಡಿ, ಉತ್ತರದಲ್ಲೇ ಅದರ ಯೋಗ್ಯತೆ ತಿಳಿಯುತ್ತದೆ.

ಜಾಲದಲ್ಲಿ ಏನಾದರೂ ಬಿದ್ದರೆ ಎರಡನೆಯ ಸುತ್ತು: ಇದು ಯಾವ ಕುಲಾಂತರಿ? ಸೀರೆಗೆ ತೇಪೆ ಹಾಕಿದ ಹೊಲಿಗೆಯ ಮೇಲೆ ಬೆರಳಿಟ್ಟಂತೆ, ಹೊರಗಿನ ತುಣುಕು ಗಿಡದ ಸ್ವಂತ ಡಿಎನ್‌ಎಗೆ ಕೂಡಿದ ಅಂಚನ್ನೇ ಹಿಡಿಯುತ್ತೇವೆ. ಆ ಅಂಚು ಒಂದೊಂದು ಕುಲಾಂತರಿಗೂ ಬೇರೆ, ಎರಡರಲ್ಲಿ ಒಂದೇ ಇರುವುದಿಲ್ಲ. ಹೀಗೆ ಕೂಡಿದ ಒಂದೊಂದು ಕುಲಾಂತರಿಗೂ ಇವೆಂಟ್ ಎಂದು ಹೆಸರು, ಅದಕ್ಕೇ ಇದನ್ನು ಇವೆಂಟ್ ಪರೀಕ್ಷೆ ಎನ್ನುತ್ತೇವೆ.

ಇಷ್ಟರ ಜೊತೆಗೆ ಇನ್ನೊಂದು ತುಣುಕನ್ನು ನೋಡಲೇಬೇಕು, ಆ ಗಿಡದ್ದೇ ಸ್ವಂತ ವಂಶವಾಹಿ. ಸೋಯಾ ಆದರೆ ಲೆಕ್ಟಿನ್. ಸೋಯಾ ಇರುವ ಪದಾರ್ಥದಲ್ಲಿ ಲೆಕ್ಟಿನ್ನೇ ಸಿಗಲಿಲ್ಲ ಎಂದರೆ ನಮ್ಮ ಕೈಗೆ ಡಿಎನ್‌ಎಯೇ ಬಂದಿಲ್ಲ ಎಂದರ್ಥ. ಆಗ ವರದಿಯಲ್ಲಿ 'ಪರೀಕ್ಷಿಸಲು ಯೋಗ್ಯ ಡಿಎನ್‌ಎ ದೊರೆಯಲಿಲ್ಲ' ಎಂದು ಬರೆಯಬೇಕೇ ಹೊರತು 'ಕುಲಾಂತರಿ ಇಲ್ಲ' ಎಂದಲ್ಲ. ರಿಫೈನ್ಡ್ ಎಣ್ಣೆ, ಸಕ್ಕರೆ, ಕಾರ್ನ್ ಸಿರಪ್‌ಗಳ ವರದಿ ಕೈಗೆ ಬಂದರೆ ಮೊದಲು ಈ ಸಾಲನ್ನೇ ಹುಡುಕಿ.

ನಮ್ಮ ಹೋಟೆಲಿನ ಗೋಬಿ ಮಂಚೂರಿಯನ್ನು ಪರೀಕ್ಷಿಸಿದರೆ?

ಇದನ್ನು ಕೇಳಿದವರು ತಮಾಷೆಗೆ ಕೇಳಿದ್ದರು. ಆದರೆ ತಪ್ಪು ಫಲಿತಾಂಶ ಹೇಗೆ ಬರುತ್ತದೆ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ತಿಂಡಿ ಸಿಗಲಾರದು. 35ಎಸ್ ಮೂಲತಃ ಹೂಕೋಸಿನ ವೈರಸ್ಸಿನದು ಎಂದೆನಲ್ಲ? ಆ ವೈರಸ್ ತಗುಲಿದ ಹೂಕೋಸು ಅಥವಾ ಎಲೆಕೋಸು ತಟ್ಟೆಯಲ್ಲಿದ್ದರೆ, ಕುಲಾಂತರಿ ಒಂದು ಚೂರೂ ಇಲ್ಲದಿದ್ದರೂ ಯಂತ್ರ 35ಎಸ್ ಇದೆ ಎನ್ನುತ್ತದೆ. ಅದೇ ತಿಂಡಿಯಲ್ಲಿ ಕಾರ್ನ್ ಫ್ಲೋರ್ ಇದೆ, ಸೋಯಾ ಸಾಸ್ ಇದೆ, ಇವೆರಡೂ ಅನುಮಾನದ ಸರಕೇ. ಈಗ ಸಿಕ್ಕಿದ 35ಎಸ್ ಯಾರದು? ವೈರಸ್ಸಿನ ಬೇರೆ ವಂಶವಾಹಿಯೂ ಸಿಗುತ್ತದೆಯೇ ಎಂದು ನೋಡಿದರೆ ವೈರಸ್ ಇದ್ದದ್ದು ಗೊತ್ತಾಗುತ್ತದೆ. ಅಷ್ಟಕ್ಕೆ ಮೆಕ್ಕೆಜೋಳ ನಿರಪರಾಧಿ ಆಗುವುದಿಲ್ಲ. ಮೆಕ್ಕೆಜೋಳ, ಸೋಯಾಗಳ ಇವೆಂಟ್ ಪರೀಕ್ಷೆಗಳನ್ನು ಬೇರೆ ಬೇರೆಯಾಗಿ ಮಾಡಿದ ಮೇಲೇ ಬಾಯಿ ಬಿಡಬೇಕು.

ಮಣ್ಣು ಅಂಟಿದ ತರಕಾರಿಯಲ್ಲಿ ಅಗ್ರೋಬ್ಯಾಕ್ಟೀರಿಯಂ ಇದ್ದರೆ ನಾಸ್ ಕೂಡ ಹೀಗೇ ದಾರಿ ತಪ್ಪಿಸುತ್ತದೆ. ಮೊದಲ ಸುತ್ತಿನ ಪಾಸಿಟಿವ್ ಹಿಡಿದು ಪತ್ರಿಕೆಗೆ ಸುದ್ದಿ ಕೊಡುವವರು ಈ ಒಂದು ಪ್ಯಾರಾ ಓದಿದರೆ ಸಾಕು.

ಊರಿನಿಂದ ಬಂದ ಮಟ್ಟುಗುಳ್ಳ ಬಿಟಿಯಾಗಿರಬಹುದೇ?

ಮಟ್ಟುಗುಳ್ಳ ಎಂದರೆ ಉಡುಪಿ ಬಳಿಯ ಮಟ್ಟು ಊರಿನ ಬದನೆ. ಉಡುಪಿ ಕಡೆಯವರು ಇದನ್ನು ಕೇಳದೆ ಬಿಡುವುದಿಲ್ಲ, ಕೇಳುವುದಕ್ಕೆ ಕಾರಣವೂ ಇದೆ. ಬಿಟಿ ಬದನೆಯ ಕಾಲದಲ್ಲಿ ಮಹಿಕೋದ ವಂಶವಾಹಿಯನ್ನು ಧಾರವಾಡದ ಕೃಷಿ ವಿಶ್ವವಿದ್ಯಾಲಯ ನಮ್ಮ ಊರ ತಳಿಗಳಿಗೆ ಕೂಡಿಸಿತು. ಅವುಗಳಲ್ಲಿ ಮಲಾಪುರ, ಕುಡಚಿ, ರಬಕವಿ ಬದನೆಗಳ ಜೊತೆಗೆ ಉಡುಪಿ ಗುಳ್ಳವೂ, ಪುಣೆ ಬಳಿಯ ಮಾಂಜರಿಯ ಹೆಸರು ಹೊತ್ತ ಮಾಂಜರಿ ಗೋಟಾವೂ ಇದ್ದವು. ಸ್ಥಳೀಯ ತಳಿ ಬಳಸಲು ಜೀವವೈವಿಧ್ಯ ಕಾಯ್ದೆಯಡಿ ಒಪ್ಪಿಗೆ ಪಡೆಯಲಿಲ್ಲವೆಂದು ಆಮೇಲೆ ಕೇಸೂ ನಡೆಯಿತು. ಯತಿ ವಾದಿರಾಜರ ಹೆಸರಿನ ಜೊತೆ ಬೆಸೆದ ಗುಳ್ಳಕ್ಕೆ ಬ್ಯಾಕ್ಟೀರಿಯಾದ ವಂಶವಾಹಿ ಸೇರಿಸಿದ್ದು ಕರಾವಳಿಯವರಿಗೆ ಎಷ್ಟು ನೋವಾಯಿತೆಂದು ಬೇರೆ ಹೇಳಬೇಕಾಗಿಲ್ಲ. 2011ರಲ್ಲಿ ಮಟ್ಟುಗುಳ್ಳಕ್ಕೆ ಭೌಗೋಳಿಕ ಸೂಚಿ ಸಿಕ್ಕಿತು.

ಆ ಬಿಟಿ ಗುಳ್ಳ ಮಾರುಕಟ್ಟೆಗೆ ಬರುವ ಮೊದಲೇ 2010ರ ತಡೆ ಬಿತ್ತು. ಮಟ್ಟು, ಕಟಪಾಡಿ ಕಡೆಯ ರೈತರು ಬೀಜವನ್ನು ತಾವೇ ಇಟ್ಟುಕೊಳ್ಳುವವರು. ಹಾಗಾಗಿ ಮಾಟುಂಗಾದ ಅಂಗಡಿಗೆ ಬಂದ ಗುಳ್ಳವನ್ನು ನಿಶ್ಚಿಂತೆಯಿಂದ ಹುಳಿಗೆ ಹಾಕಿ. ಆದರೆ ಬಿಟಿ ಬದನೆ ದೇಶದಲ್ಲೇ ಇಲ್ಲ ಎಂದೂ ಹೇಳಲಾರೆ, 2019ರಲ್ಲಿ ಹರಿಯಾಣದ ಫತೇಹಾಬಾದಿನ ಹೊಲದಲ್ಲಿ ಕದ್ದು ಬೆಳೆದದ್ದು ಸಿಕ್ಕಿಬಿತ್ತು. ಪತ್ತೆಗೆ ಬದನೆ ಬಹಳ ಒಳ್ಳೆಯ ಸರಕು: ಹಸಿ ಕಾಯಿ, ಡಿಎನ್‌ಎ ಧಾರಾಳ, ಇಇ-1 ಎಂಬ ಒಂದೇ ಇವೆಂಟ್. ಮಧ್ಯಾಹ್ನ ತಂದರೆ ಮರುದಿನಕ್ಕೆ ಉತ್ತರ ಹೇಳಬಹುದು. ಇನ್ನು 'ಒಳಗೆ ಹುಳ ಇದ್ದರೆ ಬಿಟಿ ಅಲ್ಲ' ಎನ್ನುವ ಅಜ್ಜಿಯರ ಪರೀಕ್ಷೆ ಅರ್ಧ ಸರಿ. ಹುಳ ಇಲ್ಲದ ಬದನೆ ಬಿಟಿಯೇ ಆಗಬೇಕಿಲ್ಲ, ಔಷಧಿ ಹೊಡೆದದ್ದೂ ಇರಬಹುದು.

ಶೇ 1ರ ಮಿತಿ ಎನ್ನುತ್ತಾರಲ್ಲ, ಯಾವುದರ ಶೇ 1?

ಆಮದು ಬೆಳೆಗಳಲ್ಲಿ ಅಕಸ್ಮಾತ್ ಬೆರೆತ ಕುಲಾಂತರಿಗೆ ಇರುವ ಮಿತಿ ಇದು. ಇಡೀ ಪೊಟ್ಟಣದ್ದಲ್ಲ, ಆಯಾ ಕಾಳಿನದು. ಬಿಸ್ಕತ್ತಿನಲ್ಲಿ ಸೋಯಾ ಹಿಟ್ಟು ಒಂದು ಚಮಚವಷ್ಟೇ ಇದ್ದು ಅದೆಲ್ಲ ಕುಲಾಂತರಿಯಾದರೆ, ಲೆಕ್ಕಕ್ಕೆ ಅದು ಶೇ 100. ಕುಲಾಂತರಿ ತುಣುಕಿನ ಪ್ರತಿಗಳನ್ನು ಸೋಯಾದ ಸ್ವಂತ ವಂಶವಾಹಿಯ ಪ್ರತಿಗಳಿಂದ ಭಾಗಿಸಿ ಈ ಅಂಕಿ ತೆಗೆಯುತ್ತೇವೆ. ಹೋಲಿಸಲು ಬೆಲ್ಜಿಯಂನ ಗೀಲ್ ಊರಿನಲ್ಲಿರುವ ಯೂರೋಪಿನ ಸಂಶೋಧನಾ ಕೇಂದ್ರ ತಯಾರಿಸುವ, ಇಂತಿಷ್ಟೇ ಶೇಕಡಾ ಕುಲಾಂತರಿ ಇದೆಯೆಂದು ಖಾತರಿಯಾದ ಪುಡಿಗಳನ್ನು ಬಳಸುತ್ತೇವೆ. ಅಷ್ಟು ಚಿಕ್ಕ ಸೀಸೆಯ ಬೆಲೆ ಕೇಳಿದರೆ ನಿಮಗೆ ಕೇಸರಿ ಅಗ್ಗ ಎನ್ನಿಸುತ್ತದೆ.

ಎಷ್ಟು ಕಡಿಮೆ ಇದ್ದರೂ ಹಿಡಿಯುತ್ತೀರಾ? ಮೆಕ್ಕೆಜೋಳದ 100 ನ್ಯಾನೋಗ್ರಾಂ ಡಿಎನ್‌ಎಯಲ್ಲಿ ಜೀನೋಮಿನ, ಅಂದರೆ ಗಿಡದ ಇಡೀ ಡಿಎನ್‌ಎಯ, ಸುಮಾರು 37,000 ಪ್ರತಿಗಳಿರುತ್ತವೆ. ಅದರಲ್ಲಿ ಶೇ 0.1 ಎಂದರೆ 37. ಅಷ್ಟನ್ನು ಹಿಡಿಯಬಹುದು. ಇನ್ನೂ ಕೆಳಗಿಳಿದರೆ ಸಿಕ್ಕಿದ್ದು ಅದೃಷ್ಟ.

ಯಂತ್ರಕ್ಕಿಂತ ದೊಡ್ಡ ತೊಂದರೆ ಮಾದರಿ ತೆಗೆಯುವುದರಲ್ಲಿದೆ. ಸಾವಿರ ಕಾಳಿಗೆ ಒಂದು ಕುಲಾಂತರಿ ಇರುವ ಚೀಲದಿಂದ ಒಂದು ಮುಷ್ಟಿ ತಂದರೆ ಅದು ಕೈಗೆ ಸಿಗದೇ ಹೋಗುವುದೇ ಹೆಚ್ಚು. ಒಂದಾದರೂ ಕೈಗೆ ಬರುತ್ತದೆಂಬ ಶೇ 95ರಷ್ಟು ಭರವಸೆ ಬೇಕಾದರೆ 3,000 ಕಾಳು ಬೇಕು, ಮೆಕ್ಕೆಜೋಳವಾದರೆ ಹೆಚ್ಚುಕಡಿಮೆ ಒಂದು ಕಿಲೋ. ಕುಲಾಂತರಿ ಶೇ 1ರಷ್ಟಿದ್ದರೆ 300 ಕಾಳು ಸಾಕು. ವಾಶಿಯ ವ್ಯಾಪಾರಿಗಳು ಕಾಗದದಲ್ಲಿ ಸುತ್ತಿ ತರುವ ಹಿಡಿ ಕಾಳನ್ನು ನೋಡಿ ನಾನು ನಿಟ್ಟುಸಿರಿಡುವುದು ಇದಕ್ಕೇ.

ಮನೆಯಲ್ಲೇ ಸ್ಟ್ರಿಪ್ ಹಾಕಿ ನೋಡಬಹುದೇ?

ಹಸಿ ಎಲೆಗೆ, ಬೀಜಕ್ಕೆ ಸ್ಟ್ರಿಪ್ ಇದೆ. ಅರೆದು, ನೀರು ಹಾಕಿ, ಪಟ್ಟಿ ಅದ್ದಿದರೆ ಕೆಲವೇ ನಿಮಿಷದಲ್ಲಿ ಗೆರೆ ಮೂಡುತ್ತದೆ. ಅದು ಹುಡುಕುವುದು ಡಿಎನ್‌ಎಯನ್ನಲ್ಲ, ಪ್ರೋಟೀನನ್ನು. 2019ರ ಜೂನಿನಲ್ಲಿ ಅಕೋಲಾ ಜಿಲ್ಲೆಯ ಅಕೋಟ್ ಕಡೆ ರೈತರ ಸಂಸ್ಥೆಯಾದ ಶೇತಕರಿ ಸಂಘಟನೆಯವರು ಅನುಮತಿಯಿಲ್ಲದ ಕಳೆನಾಶಕ ಸಹಿಷ್ಣು ಹತ್ತಿಯನ್ನು ಬಹಿರಂಗವಾಗಿ ಬಿತ್ತಿದರಲ್ಲ, ಅಂಥ ಬೀಜ ಹಿಡಿಯಲು ಇದು ಅನುಕೂಲ. ಅಡುಗೆಗೆ ಉಪಯೋಗವಿಲ್ಲ. ಬೇಯಿಸಿದರೆ ಪ್ರೋಟೀನಿನ ಆಕಾರ ಕೆಡುತ್ತದೆ, ಪಟ್ಟಿ ಗುರುತಿಸುವುದಿಲ್ಲ.

ಹಾಲು, ಮೊಟ್ಟೆ, ಕೋಳಿಯಲ್ಲಿ?

ಮಹಾರಾಷ್ಟ್ರದ ಎಮ್ಮೆಗಳು ತಿನ್ನುವ ಹತ್ತಿಕಾಳು ಹಿಂಡಿ ಬಹುತೇಕ ಬಿಟಿಯದೇ. 2021ರ ಆಗಸ್ಟಿನಲ್ಲಿ ಕೋಳಿ ಆಹಾರದ ಬೆಲೆ ಗಗನಕ್ಕೇರಿದಾಗ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯನ್ನು ತರಿಸಲು ಕೇಂದ್ರ ಸರ್ಕಾರ ಒಪ್ಪಿತು. ಮೊದಲು ತೆರೆದ ಬಾಗಿಲುಗಳಲ್ಲಿ ಒಂದು ನಮ್ಮ ನ್ಹಾವಾ ಶೇವಾ ಬಂದರು. ಆದರೆ ತಿಂದ ಡಿಎನ್‌ಎ ಹೊಟ್ಟೆಯಲ್ಲಿ ಜೀರ್ಣವಾಗುತ್ತದೆ. ಹಾಲನ್ನೋ ಮೊಟ್ಟೆಯನ್ನೋ ಪರೀಕ್ಷಿಸಿ ಪ್ರಾಣಿ ಏನು ತಿಂದಿತ್ತು ಎಂದು ಹೇಳಲು ಬರುವುದಿಲ್ಲ. ಯೂರೋಪಿನ ಕಟ್ಟುನಿಟ್ಟಿನ ಕಾನೂನೂ ಇವಕ್ಕೆ ಲೇಬಲ್ ಕೇಳುವುದಿಲ್ಲ.

ಲೇಬಲ್ ಓದಿದರೆ ತಿಳಿಯುತ್ತದೆಯೇ?

ತಿಳಿಯಬೇಕಿತ್ತು. 2013ರ ಜನವರಿ 1ರಿಂದ ಜಾರಿಗೆ ಬಂದ ಲೀಗಲ್ ಮೆಟ್ರಾಲಜಿ (ತೂಕ-ಅಳತೆ) ನಿಯಮದ ಪ್ರಕಾರ ಕುಲಾಂತರಿ ಆಹಾರದ ಪೊಟ್ಟಣದ ಮೇಲ್ಗಡೆ 'ಜಿಎಂ' ಎಂದು ಅಚ್ಚು ಹಾಕಬೇಕು. ನಿಮ್ಮ ಕಿರಾಣಿ ಅಂಗಡಿಯಲ್ಲಿ ಅಂಥ ಒಂದು ಡಬ್ಬ ಹುಡುಕಿ ನೋಡಿ. 2006ರ ಆಹಾರ ಸುರಕ್ಷತಾ ಕಾಯ್ದೆಯ 22ನೇ ಕಲಮು ನಿಯಮದ ಹೊರಗೆ ಕುಲಾಂತರಿ ಆಹಾರ ತಯಾರಿಸುವುದನ್ನೂ ಮಾರುವುದನ್ನೂ ತರಿಸುವುದನ್ನೂ ನಿಷೇಧಿಸುತ್ತದೆ, ವಿವರವಾದ ನಿಯಮದ ಕರಡು ಬಂದದ್ದು 2021ರ ನವೆಂಬರಿನಲ್ಲಿ.

ಆಮದಿನ ಕಡೆ ಮಾತ್ರ ಸ್ವಲ್ಪ ಬಿಗಿ ಇದೆ. 2021ರ ಮಾರ್ಚಿನಿಂದ ಸೇಬು, ಬದನೆ, ಮೆಕ್ಕೆಜೋಳ, ಪಪ್ಪಾಯ, ಅಕ್ಕಿ, ಸೋಯಾ ಸೇರಿ 24 ಬೆಳೆಗಳು ಬಂದರಿಗೆ ಬರುವಾಗ ಕುಲಾಂತರಿಯಲ್ಲ ಎಂಬ ಪ್ರಮಾಣಪತ್ರ ಜೊತೆಗಿರಬೇಕು, ಅಕಸ್ಮಾತ್ ಬೆರೆತದ್ದು ಶೇ 1ರೊಳಗಿರಬೇಕು. ವಾಶಿ ಹಣ್ಣಿನ ಮಾರುಕಟ್ಟೆಯ ವಾಷಿಂಗ್ಟನ್ ಸೇಬಿನ ಪೆಟ್ಟಿಗೆಯ ಹಿಂದೆಯೂ ಈ ಕಾಗದ ಇರುತ್ತದೆ. ಅಮೆರಿಕದಲ್ಲಿ ಹೆಚ್ಚಿದರೂ ಕಂದಾಗದ ಕುಲಾಂತರಿ ಸೇಬು ಇರುವುದರಿಂದ ಇದು ಬರೀ ಶಾಸ್ತ್ರವಲ್ಲ.

'ನಾನ್-ಜಿಎಂಒ' ಚಿಹ್ನೆಯ ಬಗ್ಗೆ ಒಂದೇ ಮಾತು. ಅದನ್ನು ಉಪ್ಪಿನ ಪ್ಯಾಕೆಟ್ಟಿನ ಮೇಲೂ ಹಾಕುತ್ತಾರೆ. ಉಪ್ಪಿಗೆ ಡಿಎನ್‌ಎ ಎಲ್ಲಿಂದ ಬರಬೇಕು? ಜೈವಿಕ್ ಭಾರತ್ ಚಿಹ್ನೆ ಇರುವ ಸಾವಯವ ಪದಾರ್ಥಕ್ಕೆ ಬೆಲೆ ಕೊಡಿ, ಸಾವಯವ ನಿಯಮ ಕುಲಾಂತರಿ ಬೀಜವನ್ನು ಬಿಡುವುದಿಲ್ಲ, ಹೊಲದಿಂದಲೇ ತಪಾಸಣೆ ಇರುತ್ತದೆ.

ಅಕ್ಕಿ ರಫ್ತು ಮಾಡುತ್ತೇನೆ, ನನಗೇಕೆ ಈ ಪರೀಕ್ಷೆ?

2021ರಲ್ಲಿ ಏನಾಯಿತೆಂದು ನೆನಪು ಮಾಡಿಕೊಳ್ಳಿ. ಭಾರತದಿಂದ ಹೋಗಿತ್ತು ಎನ್ನಲಾದ ನುಚ್ಚಕ್ಕಿಯಿಂದ ಮಾಡಿದ ಹಿಟ್ಟಿನಲ್ಲಿ ಅನುಮತಿಯಿಲ್ಲದ ಕುಲಾಂತರಿ ಅಕ್ಕಿ ಇದೆ ಎಂದು ಫ್ರಾನ್ಸ್ ಎಚ್ಚರಿಕೆ ಹೊರಡಿಸಿತು. ಆ ಹಿಟ್ಟು ಹೋಗಿದ್ದ ಚಾಕೊಲೇಟ್ ಮಿಠಾಯಿಗಳನ್ನು ಯೂರೋಪಿನ ಅಂಗಡಿಗಳಿಂದ ವಾಪಸು ತೆಗೆದುಕೊಂಡರು. ನಮ್ಮಲ್ಲಿ ಕುಲಾಂತರಿ ಭತ್ತ ಬೆಳೆಯುವುದೇ ಇಲ್ಲ, ಅಲ್ಲೇ ಎಲ್ಲೋ ಬೆರೆತಿರಬೇಕು ಎಂದು ಸರ್ಕಾರ ಹೇಳಿತು. ಅನುಮತಿ ಇರುವ ಕುಲಾಂತರಿ ಅಕಸ್ಮಾತ್ ಬೆರೆತರೆ ಯೂರೋಪಿನಲ್ಲಿ ಶೇ 0.9ರವರೆಗೆ ಲೇಬಲ್‌ನಿಂದ ವಿನಾಯಿತಿ ಇದೆ, ಅನುಮತಿ ಇಲ್ಲದ್ದಕ್ಕೆ ಅದು ಅನ್ವಯಿಸುವುದಿಲ್ಲ, ಆಹಾರದಲ್ಲಿ ಸಿಕ್ಕರೆ ಮುಗಿಯಿತು. ಹಡಗು ಹತ್ತುವ ಮುನ್ನ ತೆಗೆದಿಟ್ಟ ಮಾದರಿಯೂ ವರದಿಯೂ ಕೈಯಲ್ಲಿದ್ದರೆ ವಾದ ಮಾಡಲು ಆಧಾರವಾದರೂ ಇರುತ್ತದೆ.

ಜೀನ್ ಎಡಿಟಿಂಗ್ ಮಾಡಿದ ಅಕ್ಕಿ ಬಂದರೆ ಹಿಡಿಯುತ್ತೀರಾ?

ಜೀನ್ ಎಡಿಟಿಂಗ್ ಎಂದರೆ ಗಿಡದ ಸ್ವಂತ ಡಿಎನ್‌ಎಯಲ್ಲೇ ಅಕ್ಷರ ತಿದ್ದುವುದು. 2025ರ ಮೇ 4ರಂದು ಕೇಂದ್ರ ಸರ್ಕಾರ ಡಿಆರ್‌ಆರ್ ಧಾನ್ 100, ಪೂಸಾ ಡಿಎಸ್‌ಟಿ ರೈಸ್ 1 ಎಂಬ ಎರಡು ಜೀನೋಮ್ ಎಡಿಟೆಡ್ ಭತ್ತದ ತಳಿಗಳನ್ನು ಪ್ರಕಟಿಸಿತು. ಹೊರಗಿನ ಡಿಎನ್‌ಎ ಉಳಿಯದ ಇಂಥ ತಿದ್ದುಪಡಿಗಳನ್ನು 2022ರಲ್ಲೇ ಕುಲಾಂತರಿ ನಿಯಮದ ಬಿಗಿಯಿಂದ ಹೊರಗಿಟ್ಟಿದ್ದರು. ನಮ್ಮ ಜಾಲಕ್ಕೆ ಇದು ಬೀಳುವುದಿಲ್ಲ, 35ಎಸ್ ಇಲ್ಲ, ನಾಸ್ ಇಲ್ಲ, ತೇಪೆಯೇ ಇಲ್ಲ. ಯಾವ ಜಾಗದಲ್ಲಿ ಯಾವ ಅಕ್ಷರ ತಿದ್ದಿದ್ದಾರೆಂದು ಮೊದಲೇ ಹೇಳಿದರೆ ಆ ಬದಲಾವಣೆ ಇದೆಯೇ ಎಂದು ನೋಡಬಹುದು. ಅದು ಲ್ಯಾಬಿನಲ್ಲಿ ಆದದ್ದೋ ಹೊಲದಲ್ಲಿ ತಾನಾಗಿಯೇ ಆದದ್ದೋ ಎಂದು ಡಿಎನ್‌ಎ ಹೇಳುವುದಿಲ್ಲ. ಇಲ್ಲೂ ಎಣ್ಣೆಯ ಹಾಗೆಯೇ, ಬೀಜದ ಕಾಗದವೇ ಗತಿ.

ಪಾಸಿಟಿವ್ ಬಂದರೆ ತಿನ್ನಬಾರದೆಂದೇ?

ನಮ್ಮ ಪರೀಕ್ಷೆ ಆ ಪ್ರಶ್ನೆಗೆ ಉತ್ತರಿಸುವುದಿಲ್ಲ. ಇದೆಯೇ, ಎಷ್ಟಿದೆ, ಯಾವುದು, ಅದಕ್ಕೆ ಅನುಮತಿ ಇದೆಯೇ, ಅಷ್ಟೇ.

ಗ್ರಾಹಕಳಾಗಿ ನಾನೇ ಪರೀಕ್ಷೆ ಮಾಡಿಸಬಹುದೇ?

ಧಾರಾಳವಾಗಿ. ಎರಡು ದಾರಿ. ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿಯ (ಎನ್‌ಎಬಿಎಲ್) ಮಾನ್ಯತೆ ಇರುವ ಖಾಸಗಿ ಲ್ಯಾಬಿಗೆ ಕೊಟ್ಟರೆ ಕೆಲವು ಸಾವಿರ ರೂಪಾಯಿಗೆ ಮೊದಲ ಸುತ್ತಿನ ಪರೀಕ್ಷೆ ಆಗುತ್ತದೆ, ಇವೆಂಟ್ ಒಂದೊಂದಕ್ಕೂ ಬೇರೆ ದುಡ್ಡು. ಲ್ಯಾಬಿಗೆ ಮಾನ್ಯತೆ ಇದ್ದರೆ ಸಾಲದು, ಕುಲಾಂತರಿ ಪರೀಕ್ಷೆಗೂ ಇದೆಯೇ ಎಂದು ಅವರ ಪಟ್ಟಿಯಲ್ಲಿ ನೋಡಿ. ನೀರು, ಹಾಲು ಪರೀಕ್ಷೆಗೆ ಮಾತ್ರ ಮಾನ್ಯತೆ ಇರುವವರೂ ಇದ್ದಾರೆ.

ಎರಡನೆಯದು ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಮು. ಕೊಂಡವರು ಯಾರೇ ಆಗಲಿ ಶುಲ್ಕ ಕಟ್ಟಿ ಸರ್ಕಾರಿ ಫುಡ್ ಅನಲಿಸ್ಟ್‌ರಿಂದ ಪರೀಕ್ಷೆ ಮಾಡಿಸಬಹುದು. ಕೊಳ್ಳುವಾಗಲೇ 'ಇದನ್ನು ಪರೀಕ್ಷೆಗೆ ಕೊಡುತ್ತೇನೆ' ಎಂದು ಅಂಗಡಿಯವರಿಗೆ ಹೇಳಿರಬೇಕು, ಇದನ್ನು ಮರೆಯಬೇಡಿ. ಪದಾರ್ಥ ನಿಯಮಕ್ಕೆ ವಿರುದ್ಧವಾಗಿದೆ ಎಂದು ವರದಿ ಬಂದರೆ ಕಟ್ಟಿದ ಶುಲ್ಕ ಮರಳಿ ಸಿಗುತ್ತದೆ. ಮಹಾರಾಷ್ಟ್ರದಲ್ಲಿ ಇದಕ್ಕೆ ಎಫ್‌ಡಿಎ (ಆಹಾರ ಮತ್ತು ಔಷಧ ಆಡಳಿತ) ಕಚೇರಿಯನ್ನೂ ಗೋವಾದಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ನಿರ್ದೇಶನಾಲಯವನ್ನೂ ಕೇಳಿ.

ಪೊಟ್ಟಣವನ್ನು ಒಡೆಯದೆ ಕೊಡಿ, ಬ್ಯಾಚ್ ನಂಬರು ಅಳಿಸಿರಬಾರದು, ಬಿಲ್ಲು ಜೊತೆಗಿರಲಿ. ಬಿಡಿ ಕಾಳಾದರೆ ಚೀಲದ ಮೇಲೆ, ನಡುವೆ, ತಳದಲ್ಲಿ ಬೇರೆ ಬೇರೆಯಾಗಿ ತೆಗೆದು ಬೆರೆಸಿದ ಒಂದು ಕಿಲೋ ತನ್ನಿ. ಹಸಿ ತರಕಾರಿಯನ್ನು ತೊಳೆದು ಮಣ್ಣು ತೆಗೆದು, ಕಾಗದದಲ್ಲಿ ಸುತ್ತಿ ಅದೇ ದಿನ ತಲುಪಿಸಿ. ಎಣ್ಣೆಯಾದರೆ ಬಾಟಲಿ ಮನೆಯಲ್ಲೇ ಇಡಿ, ಅದು ಯಾವ ಕಾಳಿನದು, ಯಾವ ದೇಶದಿಂದ ಬಂದದ್ದು ಎಂದು ತಯಾರಕರಿಗೆ ಒಂದು ಇಮೇಲ್ ಬರೆಯಿರಿ.